ನಾಲ್ಕು ಬೆರಳು ಹಸಿ

ಹಳೇವಾಡಿ, ತಾ. ಔರಾದ
29 ಮೇ 2025

ಮಗಳೇ ಸುಜಾತಾ,

ಹೇಗಿದ್ದೀ? ಅಳಿಯಂದಿರಾದ ದಿಲೀಪರ ಬೆನ್ನು ನೋವು ಇಳಿಯಿತೇ? ಸಿದ್ದೇಶ್ವರಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ, ಹೊಸದು ಬರುವ ತನಕ ಅವಳನ್ನು ಯಾರೂ ಕಾಡಬೇಡಿ. ಬೀದರದಲ್ಲಿ ನಿನ್ನ ಅವ್ವ, ನನ್ನ ತಂಗಿ ಅಂಜನಾ, ಹಾಸ್ಟೆಲಿನ ಒಲೆಯ ಮುಂದೆ ಇನ್ನೂ ಕೆಮ್ಮುತ್ತಾಳೆಯೇ? ಜೇಷ್ಠಮಧು ಬಾಯಲ್ಲಿಟ್ಟುಕೊಳ್ಳಲು ಹೇಳು. ಇಲ್ಲಿ ನಿನ್ನ ಅತ್ತೆ ಕ್ಷೇಮ. ನಾನೂ ಕ್ಷೇಮ, ಕಿವಿ ಒಂದನ್ನು ಬಿಟ್ಟು. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಗಾಳಿ ಊದಿದ ಹಾಗೆ ಕೇಳುತ್ತದೆ. ಅದಕ್ಕೇ ಪತ್ರ. ಕುರಿ ಕಾಯುತ್ತ ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವನು ನಾನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನಿನ್ನ ತಮ್ಮನ ಸಂಗತಿ ಬರೆಯಲು ಕೂತಿದ್ದೇನೆ. ಅಮೋಲ್ ನಮ್ಮಲ್ಲಿಗೆ ಬಂದು ಎರಡು ವರ್ಷ ತುಂಬಿತು. ಮಕ್ಕಳಿಲ್ಲದ ನಮ್ಮ ಹೊಲಕ್ಕೆ ಅವನೇ ದಿಕ್ಕು. ಮೊದಲು ಕುರಿಯ ಹಿಂದೆ ಹೋಗಲು ನಾಚುತ್ತಿದ್ದ, ಈಗ ಕುರಿಗಳೇ ಅವನನ್ನು ಹುಡುಕುತ್ತವೆ. ಒಂದು ಕಬ್ಬಿಣದ ಸಲಾಕೆ ಮಾಡಿಸಿಕೊಂಡಿದ್ದಾನೆ. ಮಳೆ ಬಿದ್ದ ಮರುದಿನ ಹೊಲದ ನಾಲ್ಕು ಕಡೆ ಅದನ್ನು ಇಳಿಸಿ, ಅಗೆದು, ಮಣ್ಣು ಎಷ್ಟು ಆಳದವರೆಗೆ ಹಸಿಯಾಗಿದೆ ಎಂದು ಬೆರಳಿಟ್ಟು ಅಳೆದು ವಹಿಯಲ್ಲಿ ಬರೆಯುತ್ತಾನೆ. ಬಿ.ಎ. ಓದಿದವನು ಹೀಗೆ ಮಣ್ಣಿನಲ್ಲಿ ಕೂತರೆ ಊರ ಹುಡುಗರು ಸುಮ್ಮನಿರುತ್ತಾರೆಯೇ. "ಏನಪಾ ಅಮೋಲ್, ಬೀದರದಾಗ ಎಲ್ಲಿನೂ ಇಟ್ಕೊಳ್ಳಲಿಲ್ಲೇನು ನಿನಗ?" ಎನ್ನುತ್ತಾರೆ. ಅವರ ಪ್ರಕಾರ ಬೇರೆ ಏನೂ ಆಗದವನು ರೈತನಾಗುತ್ತಾನೆ. ಇವನು ನಗುತ್ತಾನೆ. ಆದರೆ ಆ ದಿನ ರಾತ್ರಿ ರೊಟ್ಟಿ ಒಂದು ಕಡಿಮೆ ತಿನ್ನುತ್ತಾನೆ, ನಿನ್ನ ಅತ್ತೆ ಎಣಿಸಿದ್ದಾಳೆ.

ಅದಕ್ಕೆ ನಾನೊಂದು ಯೋಚನೆ ಮಾಡಿದ್ದೇನೆ. ನಿನಗೆ ಗೊತ್ತಿದೆ, ಮಿರಗದ ದಿನ, ಮೃಗಶಿರಾ ಮಳೆ ಕೂಡುವ ದಿನ, ಊರ ಗಂಡಸರು ತಮ್ಮ ತಮ್ಮ ಬೀಜ ಒಂದೊಂದು ಮುಷ್ಟಿ ತಂದು ನಮ್ಮ ಅಂಗಳದ ಬುಟ್ಟಿಗೆ ಹಾಕುತ್ತಾರೆ. ನಾನು ಕಲಸಿ ಎಲ್ಲರಿಗೂ ಒಂದು ಮುಷ್ಟಿ ತಿರುಗಿ ಕೊಟ್ಟು, ನಮ್ಮ ಕೂರಿಗೆಯ ಬಟ್ಟಲಿಗೆ ಮೊದಲ ಮುಷ್ಟಿ ಹಾಕಿದ ಮೇಲೆಯೇ ಊರಿನ ಬಿತ್ತನೆ. ಹಣಮಂತಪ್ಪನ ಕೈಗುಣ ಛಲೋ ಎಂದು ನಲವತ್ತೊಂದು ವರ್ಷದಿಂದ ನಡೆದು ಬಂದದ್ದು. ಟ್ರ್ಯಾಕ್ಟರು ಬಂದ ಮೇಲೂ ತಪ್ಪಿಲ್ಲ. ಈ ಸಲ ಆ ಮುಷ್ಟಿ ಅಮೋಲನ ಕೈಯಿಂದ ಹಾಕಿಸುತ್ತೇನೆ. ಒಮ್ಮೆ ಊರು ಅವನ ಕೈಯಿಂದ ಬೀಜ ಇಸಿದುಕೊಂಡರೆ ಆಮೇಲೆ ಯಾವ ಬಾಯಿಂದ ನಗುತ್ತಾರೆ?

ನಿನ್ನ ಅವ್ವನಿಗೆ ಹೇಗೆ ಹೇಳಬೇಕು ಎಂಬುದು ನಿನಗೇ ಬಿಟ್ಟದ್ದು. ಉತ್ತರ ಬರೆ.

ನಿನ್ನ ಮಾಮಾ,
ಹಣಮಂತಪ್ಪ

•

ಭಾಲ್ಕಿ
4 ಜೂನ್ 2025

ಮಾಮಾ ಅವರ ಪಾದಕ್ಕೆ ಸುಜಾತಾಳ ನಮಸ್ಕಾರ.

ನಿಮ್ಮ ಪತ್ರ ನಮ್ಮ ಅಂಗನವಾಡಿಯ ವಿಳಾಸಕ್ಕೆ ಬಂದಿತು. ಮಕ್ಕಳೆಲ್ಲ ಸುತ್ತ ನಿಂತು, "ಬಾಯೀ, ಯಾರ ಪತ್ರ" ಎಂದು ಕೇಳಿದರು. ಈ ಕಾಲದಲ್ಲಿ ಪತ್ರ ಬರುವ ಮನುಷ್ಯಳು ನಾನೊಬ್ಬಳೇ. ಇವರ ಬೆನ್ನು ಈಗ ಪರವಾಗಿಲ್ಲ. ಸಿದ್ದೇಶ್ವರಿ ಬಿದ್ದ ಹಲ್ಲನ್ನು ನಿಮಗೆ ಕಳಿಸಬೇಕೆಂದು ಹಟ ಮಾಡಿದಳು, ಬೇಡವೆಂದೆ.

ಅವ್ವನಿಗೆ ಹೇಳಿದೆ ಮಾಮಾ. ಭಾನುವಾರ ಬೀದರಕ್ಕೆ ಹೋಗಿ ಎದುರು ಕೂತು ಹೇಳಿದೆ. ಮೊದಲು ಸಿಟ್ಟಾದಳು. ಔಷಧಿ ಗೋದಾಮಿನಲ್ಲಿ ಒಂದು ಕೆಲಸ ಹುಡುಕಿಟ್ಟಿದ್ದಾಳಂತೆ. "ಹಾಸ್ಟೆಲ್‌ನಾಗ ದಿನಾ ನೋಡ್ತೇನಿ. ಕೊರಳಾಗ ಕಾರ್ಡ್ ಇದ್ದವರು ಬಂದ್ರ ಕುರ್ಚಿ ಸರಸ್ತಾರ. ನಿಮ್ಮ ಮಾಮಾ ಒಮ್ಮೆ ಧೋತರದ ಮ್ಯಾಲ ಬಂದಾಗ ವಾಚಮನ್ ಗೇಟ್‌ನಾಗೇ ನಿಲ್ಲಿಸಿದ್ದ. ನನ್ನ ಮಗನ್ನ ಯಾವ ಗೇಟ್‌ನಾಗೂ ನಿಲ್ಲಸಬಾರದು" ಅಂದಳು. ಈ ಮಾತು ನಿಮಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಆದರೆ ಮುಷ್ಟಿಯ ಸಂಗತಿ ಹೇಳಿದಾಗ ಸಿಟ್ಟು ಇಳಿಯಿತು. ನಿಮ್ಮ ಮಗ್ಗುಲಲ್ಲಿ ನಿಂತು ಬುಟ್ಟಿ ಹಿಡಿದದ್ದು ಅವಳಿಗೂ ನೆನಪಿದೆಯಲ್ಲ. ಕಡೆಗೆ, "ಇದೊಂದು ವರ್ಷ ನೋಡ್ತೇನಿ. ಊರು ಅವಗ ಮಾನ ಕೊಟ್ರ ನೌಕರಿ ಮಾತು ತೆಗ್ಯಂಗಿಲ್ಲ. ಇಲ್ಲಂದ್ರ ಕರ್ಕೊಂಡ ಬರ್ತೇನಿ" ಅಂದಳು.

ಆದ್ದರಿಂದ ಮಾಮಾ, ಈ ಮಿರಗ ನಮಗೆಲ್ಲ ದೊಡ್ಡದು. ಆದ ಕೂಡಲೇ ತಿಳಿಸಿ.

ಸುಜಾತಾ

•

ಹಳೇವಾಡಿ
12 ಜೂನ್ 2025

ಮಗಳೇ ಸುಜಾತಾ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕೆಲಸ ಆಯಿತು. ಮಿರಗದ ದಿನ ಭಾನುವಾರ ಹೊತ್ತು ಹುಟ್ಟುವ ಮುಂಚೆಯೇ ಅಂಗಳ ತುಂಬಿತ್ತು. ನಮ್ಮೂರ ಬಸವಣ್ಣೆಪ್ಪ ಔರಾದದಿಂದ ಟ್ರ್ಯಾಕ್ಟರು ಗೊತ್ತು ಮಾಡಿ ತಂದು ನಿಲ್ಲಿಸಿದ್ದ. ಪಕ್ಕದ ಹೊಲದ ಜಹೀರೋದ್ದೀನ, ನನ್ನ ಬಾಲ್ಯದ ಗೆಳೆಯ, ಎತ್ತಿಗೆ ಹೊಸ ಗೆಜ್ಜೆ ಕಟ್ಟಿಕೊಂಡು ಬಂದಿದ್ದ. ನಿನ್ನ ಅತ್ತೆ ಮೂವತ್ತೆಂಟು ಮಂದಿಗೆ ಚಹಾ ಮಾಡಿದಳು.

ಅಮೋಲ್ ಮೊದಲ ಮುಷ್ಟಿ ಹಾಕಿದ. ಎಲ್ಲರೂ ಅವನ ಕೈಯಿಂದ ಬೀಜ ಇಸಿದುಕೊಂಡರು. ನಗುತ್ತಿದ್ದ ಹುಡುಗರೂ ಕೈಯೊಡ್ಡಿದರು. ನನ್ನ ಕಣ್ಣು ತುಂಬಿ ಬಂತು. ಮಧ್ಯಾಹ್ನದ ಹೊತ್ತಿಗೆ ಊರ ಸುತ್ತೆಲ್ಲ ಕೂರಿಗೆಯ ಸಾಲು. ನಿನ್ನ ಅವ್ವ ಇರಬೇಕಿತ್ತು.

ಹುಡುಗ ಆ ದಿನ ಸ್ವಲ್ಪ ಸಪ್ಪಗಿದ್ದ. ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದು ಮಣ್ಣಿನ ಹೆಂಟೆ ಹಿಡಿದುಕೊಂಡು ಬಂದಿದ್ದ. ಮಂದಿ ಕೂತಿದ್ದರು, ತುಳಸಿ ಕಟ್ಟೆಯ ಮೇಲೆ ಇಡಪ್ಪ ಎಂದೆ. ಮೊದಲ ಸಲ, ಅಷ್ಟು ಜನರ ಮುಂದೆ ಅಂಜಿಕೆ ಇರುತ್ತದೆ.

ರೋಹಿಣಿಯಲ್ಲಿ ಬಿದ್ದ ಮಳೆ ಛಲೋ ಇತ್ತು. ಇನ್ನೊಂದು ಬಿದ್ದರೆ ಸಾಕು. ನಿನ್ನ ಅವ್ವನಿಗೆ ಈ ಪತ್ರ ಓದಿ ತೋರಿಸು. ಬೇಗ ಬರೆ.

ಮಾಮಾ

•

ಹಳೇವಾಡಿ
3 ಜುಲೈ 2025

ಸುಜಾತಾ,

ನಿನ್ನಿಂದ ಉತ್ತರ ಬರುವ ಮುಂಚೆಯೇ ಬರೆಯುತ್ತಿದ್ದೇನೆ. ಮಿರಗದ ನಂತರ ಮಳೆ ಹದಿನೇಳು ದಿನ ಮುಖ ತೋರಿಸಲಿಲ್ಲ. ಬೀಜ ಮಣ್ಣಿನಲ್ಲೇ ಹುರಿದು ಹೋಯಿತು. ಮೊಳಕೆ ಒಡೆದದ್ದು ಮೇಲೆ ಬಂದು ಸುಟ್ಟಿತು. ಸೋಯಾ, ಹೆಸರು, ಉದ್ದು ಮೂರೂ ಅಷ್ಟೇ. ಊರಿಗೆ ಊರೇ ಎರಡನೆಯ ಸಲ ಬಿತ್ತಬೇಕಾಯಿತು.

ಯಾರೂ ಅಮೋಲನಿಗೆ ಎದುರಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಹೋಟೆಲಿಗೆ ಇವನು ಹೋದರೆ ಮಾತು ನಿಲ್ಲುತ್ತದೆ. ಕಳೆ ತೆಗೆಯಲು, ಎಡೆ ಹೊಡೆಯಲು ಒಬ್ಬರ ಹೊಲಕ್ಕೆ ಒಬ್ಬರು ಹೋಗುವುದು ನಮ್ಮಲ್ಲಿ ರೂಢಿಯಲ್ಲವೇ, ಇವನನ್ನು ಯಾರೂ ಕರೆಯುತ್ತಿಲ್ಲ. ಜಹೀರೋದ್ದೀನ ಒಬ್ಬನೇ ಕರೆದ. ಎರಡನೆಯ ಬಿತ್ತನೆಗೆ ಬಸವಣ್ಣೆಪ್ಪ ಮುಂದಾಳಾಗಿ ಬಂದು, ಇವನು ಅಲ್ಲೇ ಕುರಿ ಹಿಡಿದು ನಿಂತಿದ್ದರೂ ನನಗೇ ಹೇಳಿದ: "ಮುತ್ಯಾ, ಈ ಸಲ ನೀವೇ ಹಾಕ್ರಿ. ಹುಡುಗಂದು ಇನ್ನಾ ಎಳಿ ಕೈ. ಯಾಕ ಸುಮ್ನ ತೊಂದ್ರಿ."

ನಾನು ಹಾಕಿದೆ.

ಮೂರನೆಯ ದಿನ ಮಳೆ ಬಂತು. ನೆಲ ಒಂದು ಗೇಣು ನೆನೆಯುವ ಮಳೆ. ಮಂದಿ ಮಳೆಯಲ್ಲೇ ನಮ್ಮ ಅಂಗಳಕ್ಕೆ ಬಂದು ನನ್ನ ಕೈ ಹಿಡಿದುಕೊಂಡರು. ಅಮೋಲ್ ಹಿಂದಿನ ಬಾಗಿಲಿನಿಂದ ಎಲ್ಲಿಗೋ ಹೋದ.

ಅವನು ನಿಮ್ಮಲ್ಲಿಗೆ ಬಂದರೆ ಒಂದು ವಾರ ಇಟ್ಟುಕೊ. ಬಿಸಿ ಅನ್ನ ಹಾಕು. ಹೆಚ್ಚೇನೂ ಕೇಳಬೇಡ.

ಮಾಮಾ

•

ಭಾಲ್ಕಿ
21 ಜುಲೈ 2025

ಮಾಮಾ, ನಮಸ್ಕಾರ.

ಅಮೋಲ್ ಬಂದಿದ್ದ. ಎರಡೇ ದಿನ ಇದ್ದ. ನೀವು ಕೇಳಬೇಡ ಅಂದಿದ್ದಿರಿ, ನಾನು ಕೇಳಿದೆ. ಸಿದ್ದೇಶ್ವರಿ ಕುಂಡದಲ್ಲಿ ಕೊತ್ತಂಬರಿ ಹಾಕಬೇಕೆಂದು ಬೀಜ ತಂದು, "ಮಾಮಾ, ನೀ ಹಾಕು" ಎಂದು ಅವನ ಕೈಯಲ್ಲಿಟ್ಟಳು. ಅವನು ಅವಳ ಕೈಗೇ ತಿರುಗಿ ಕೊಟ್ಟು, "ನೀನೇ ಹಾಕವ್ವ, ನನ್ನ ಕೈ ಛಲೋ ಇಲ್ಲ" ಅಂದ. ತಮಾಷೆಗೆ ಅಂದನೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ ಮಾಮಾ. ಮಳೆಯನ್ನು ವಹಿಯಲ್ಲಿ ಬರೆದಿಡುವ ಹುಡುಗ ಇವನು. ಇವನೇ ಹೀಗೆ ನಂಬಿದರೆ ಹೇಗೆ?

"ಏನಾಯ್ತು ಹೇಳು" ಎಂದು ಒತ್ತಾಯಿಸಿದೆ. "ಮಾಮಾಗ ಕೇಳಬ್ಯಾಡ, ಅವ್ರು ನನಗ ಮಾನ ಕೊಡಲಕ್ಕೇ ಮಾಡಿದ್ರು" ಅಂದ. ಅಷ್ಟೇ.

ಈಗ ಬೀದರದಲ್ಲಿದ್ದಾನೆ. ಗೋದಾಮಿನ ಕೆಲಸಕ್ಕೆ ಸೇರಿದ. ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದು. ಕೊರಳಿಗೆ ಕಾರ್ಡು ಬಂದಿದೆ. ಅವ್ವ ಸಂತೋಷಪಡಬೇಕಿತ್ತು, ಆದರೆ ಅವಳಿಗೆ ಬೇರೆಯದೇ ಸಂಕಟ. ಇವನೇ ಉತ್ಸಾಹಕ್ಕೆ ಬಿದ್ದು ನಿಮ್ಮನ್ನು ಅವಸರಿಸಿ ಬಿತ್ತಿಸಿದ, ನಲವತ್ತು ವರ್ಷದ ನಿಮ್ಮ ಹೆಸರಿಗೆ ಮಸಿ ಹಚ್ಚಿದ ಎಂದು ಅವಳ ಎಣಿಕೆ. ನಿಮಗೆ ಮುಖ ತೋರಿಸಲು ನಾಚಿಕೆಯಂತೆ. "ಅಣ್ಣಗ ಬರಿ, ನನ್ನ ಮಗನ ಪರವಾಗಿ ನಾ ಸೆರಗೊಡ್ಡಿ ಕ್ಷಮೆ ಕೇಳ್ತೇನಿ ಅಂತ" ಎಂದು ಇಲ್ಲಿಗೆ ಬಂದು ನನ್ನ ಎದುರು ಕೂತು ಬರೆಸುತ್ತಿದ್ದಾಳೆ. ಬರೆದಿದ್ದೇನೆ.

ಅವಳಿಗೆ ಏನು ಹೇಳಲಿ? ಬೇಗ ಬರೆಯಿರಿ.

ಸುಜಾತಾ

•

ಹಳೇವಾಡಿ
2 ಆಗಸ್ಟ್ 2025

ಸುಜಾತಾ,

ಪತ್ರ ಮುಟ್ಟಿತು. ಕ್ಷಮೆ ಏನೂ ಬೇಕಾಗಿಲ್ಲ ಎಂದು ಅಂಜನಾಳಿಗೆ ಹೇಳು.

ಇಲ್ಲಿ ತೊಗರಿ ಮೊಣಕಾಲು ಮುಟ್ಟಿದೆ. ಎರಡು ಕುರಿ ಮರಿ ಹಾಕಿದವು, ಒಂದು ಕಪ್ಪು, ಒಂದು ಕಂದು. ನಿನ್ನ ಅತ್ತೆಗೆ ಹಿಮ್ಮಡಿ ಒಡೆದಿದೆ. ಸಿದ್ದೇಶ್ವರಿಯ ಕೊತ್ತಂಬರಿ ಬಂತೇ?

ಮಾಮಾ

•

ಭಾಲ್ಕಿ
26 ಅಕ್ಟೋಬರ್ 2025

ಮಾಮಾ, ನಮಸ್ಕಾರ.

ನಾನು ಎರಡು ಪತ್ರ ಹಾಕಿದೆ, ನಿಮ್ಮ ಉತ್ತರವಿಲ್ಲ. ಅತ್ತೆಯ ಫೋನಿಗೆ ಮಾಡಿದರೆ ನೀವು ಹೊಲದಲ್ಲಿದ್ದೀರಿ ಎನ್ನುತ್ತಾರೆ, ಮಳೆ ಸುರಿಯುವಾಗಲೂ ಹೊಲದಲ್ಲಿದ್ದೀರಿ ಎನ್ನುತ್ತಾರೆ. ನನ್ನ ಮೇಲೆ ಸಿಟ್ಟೇ? ಅವ್ವ, "ನೋಡು, ಅಣ್ಣ ಇನ್ನಾ ಮನಸಿನಾಗಿಂದ ತೆಗದಿಲ್ಲ" ಎಂದು ಕಣ್ಣೀರಿಡುತ್ತಾಳೆ.

ದೀಪಾವಳಿಗೆ ಅಮೋಲ್ ಇಲ್ಲಿಗೆ ಬಂದ, ಹಳೇವಾಡಿಗೆ ಹೋಗಿ ಬಾ ಎಂದೆ. ಔರಾದ ಬಸ್ಸು ಹತ್ತಿಸಿಯೂ ಬಂದೆ. ಸಂಜೆಗೆ ತಿರುಗಿ ಬಂದ. ಔರಾದ ಸ್ಟ್ಯಾಂಡಿನಲ್ಲಿ ಇಳಿದು, ಎರಡು ತಾಸು ಕೂತು, ಅದೇ ಬಸ್ಸಿಗೆ ವಾಪಸ್ಸಂತೆ. ಈಗ ಅವನಿಗೆ ಎಲ್ಲರೂ ಕುರ್ಚಿ ಕೊಡುತ್ತಾರೆ ಮಾಮಾ. ಕೂತಲ್ಲಿ ಮಾತೇ ಇಲ್ಲ. ಮಳೆ ಬಂದರೆ ಕಿಟಕಿ ಹಾಕುತ್ತಾನೆ.

ವಹಿ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾನೆ. ಎಸೆದುಬಿಡು ಅಂದ. ಎಸೆಯಲು ಮನಸ್ಸಾಗದೆ ನಿಮಗೆ ಕಳಿಸುತ್ತಿದ್ದೇನೆ. ನಾನು ತೆರೆದಿಲ್ಲ. ಒಂದೇ ಸಾಲಾದರೂ ಬರೆಯಿರಿ.

ಸುಜಾತಾ

•

ಹಳೇವಾಡಿ
22 ಡಿಸೆಂಬರ್ 2025

ಮಗಳೇ ಸುಜಾತಾ,

ನೀನು, ದಿಲೀಪರು, ಸಿದ್ದೇಶ್ವರಿ, ಬೀದರದಲ್ಲಿ ಅಂಜನಾ, ಅಮೋಲ್, ಎಲ್ಲರೂ ಹೇಗಿದ್ದೀರಿ? ನನಗೆ ಯಾರ ಮೇಲೂ ಸಿಟ್ಟಿಲ್ಲ. ಈ ಪತ್ರವನ್ನು ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದನ್ನು ಹಾಕುವುದಿಲ್ಲ. ನಿನ್ನ ಅವ್ವನ ಎದುರು, ಅಮೋಲನ ಎದುರು ಗಟ್ಟಿಯಾಗಿ ಓದು.

ಮಿರಗದ ಬೆಳಿಗ್ಗೆ ಅಮೋಲ್ ಹೆಂಟೆ ಹಿಡಿದುಕೊಂಡು ಬಂದದ್ದು ಸುಮ್ಮನೆ ಅಲ್ಲ. ನನ್ನನ್ನು ದನದ ಕೊಟ್ಟಿಗೆಯ ಬದಿಗೆ ಕರೆದು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದ: "ಮಾಮಾ, ಹಸಿ ನಾಕೇ ಬೆರಳ ಅದ. ಕೆಳಗ ಬೂದಿ ಇದ್ದಂಗ ಅದ. ಎಂಟ ಬೆರಳ ಆಗೋ ತನಕ ಬಿತ್ತಬಾರದ್ರಿ. ಇಂದ ಎಲ್ಲಾರನೂ ವಾಪಸ್ ಕಳಸ್ರಿ." ಆ ಮಾತು ಈ ಕಿವುಡನಿಗೂ ಪೂರ್ತಿ ಕೇಳಿಸಿತು.

ಅಂಗಳದಲ್ಲಿ ಮೂವತ್ತೆಂಟು ಮಂದಿ. ಟ್ರ್ಯಾಕ್ಟರು ಬಾಗಿಲಲ್ಲಿ. ಇಪ್ಪತ್ಮೂರು ವರ್ಷದ ಹುಡುಗನ ಮಾತಿಗೆ ಹಣಮಂತಪ್ಪ ಮಿರಗ ತಪ್ಪಿಸಿದ ಎನ್ನುತ್ತಾರೆಂದು ನನಗೆ ಅನಿಸಿತು. ಇನ್ನೂ ಒಂದು ಅನಿಸಿತು, ಅದನ್ನೂ ಬರೆಯುತ್ತೇನೆ. ಇವನ ಸಲಾಕೆಯ ಮಾತು ಇಂದು ನಿಜವಾದರೆ, ಮುಂದಿನ ವರ್ಷ ಜನ ಸಲಾಕೆಯನ್ನೇ ಕೇಳಲು ಬರುತ್ತಾರೆ, ನನ್ನ ಕೈಯನ್ನಲ್ಲ. "ವಾಪಸ್ ಕಳಸಂಗಿಲ್ಲ, ನೀ ಹಾಕು" ಅಂದೆ. "ಹಂಗಾದ್ರ ನೀವೇ ಹಾಕ್ರಿ ಮಾಮಾ, ನಾ ಹಾಕಂಗಿಲ್ಲ" ಅಂದ ಅವನು. "ಇಷ್ಟು ಮಂದಿ ಮುಂದ ನನ್ನ ಮಾನ ಕಳಿಬ್ಯಾಡ" ಅಂದೆ. ಅವನು ಹೆಂಟೆಯನ್ನು ಕಟ್ಟೆಯ ಮೇಲಿಟ್ಟ. ಹೋಗಿ ಹಾಕಿದ. ಬೇಡವೆಂದವನ ಕೈಯಿಂದಲೇ ಹಾಕಿಸಿದೆ ನಾನು.

ಬೀಜ ಸುಟ್ಟಾಗ ಬಾಯಿ ಬಿಡಬಹುದಿತ್ತು. ಬಸವಣ್ಣೆಪ್ಪ ಬಂದಾಗ ಬಿಡಬಹುದಿತ್ತು. ನಿನ್ನ ಅವ್ವ ಸೆರಗೊಡ್ಡಿದಾಗಲೂ ನಾನು ಕುರಿಮರಿಯ ಬಣ್ಣ ಬರೆದೆ.

ಎರಡನೆಯ ಬಿತ್ತನೆಯ ಗತಿ ನಿನಗೆ ಗೊತ್ತೇ ಇದೆ. ಕೊಯ್ಲಿನ ಹೊತ್ತಿಗೆ ಮಳೆ ನಿಲ್ಲದೆ ಸುರಿದು ಸೋಯಾ ಗಿಡದಲ್ಲೇ ಮೊಳೆಯಿತು. ಅದು ನನ್ನ ಕೈಯಿಂದ ಬಿದ್ದ ಬೀಜ. ಊರು ಮಳೆಯನ್ನು ಬೈದಿತು. ನನ್ನ ಕೈಗುಣದ ಬಗ್ಗೆ ಒಬ್ಬನೂ ಒಂದು ಮಾತು ಆಡಲಿಲ್ಲ. ಆ ದಿನ ನಾನು ಹೊಲದ ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಮೊನ್ನೆ ಶುಕ್ರವಾರ ಎಳ್ಳಮಾವಾಸ್ಯೆ. ಪ್ರತಿ ವರ್ಷದಂತೆ ಸುತ್ತಲಿನ ಹೊಲದವರೆಲ್ಲ ನಮ್ಮ ಹೊಲದಲ್ಲೇ ಕೂಡಿದ್ದರು. ಜೋಳದ ದಂಟಿನ ಗುಡಿಯಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಯಾಯಿತು, ಹೊಲದ ಸುತ್ತ ಎಡೆಯ ಚರಗ ಚೆಲ್ಲಿದ್ದಾಯಿತು. ಎಲ್ಲರ ಮುಂದೆ ಭಜ್ಜಿ, ರೊಟ್ಟಿ, ಅಂಬಲಿ. ನಾನು ಎದ್ದು ನಿಂತು ಹೇಳಿದೆ. ಕೊಟ್ಟಿಗೆಯ ಬದಿಯ ಮಾತು, ನಾಲ್ಕು ಬೆರಳಿನ ಮಾತು, ಎಲ್ಲ.

ಬಸವಣ್ಣೆಪ್ಪ ನಕ್ಕ. "ಮುತ್ಯಾ, ಹುಡುಗಂದು ನಿಮ್ಮ ತಲಿ ಮ್ಯಾಲ ಯಾಕ ಹೊತ್ಕೋತೀರಿ? ನಮಗ ತಿಳಿಯಂಗಿಲ್ಲೇನ್ರಿ? ಅವಗ ಊರಿಗಿ ಕರಸಲಕ್ಕ ಹೇಳ್ಲತ್ತೀರಿ."

"ಖರೆ ಹೇಳ್ಲತ್ತೇನಿ" ಅಂದೆ.

ಜಹೀರೋದ್ದೀನ ರೊಟ್ಟಿ ಕೆಳಗಿಟ್ಟು ಎದ್ದ. "ಎತ್ತಿಗಿ ನೀರ ಕುಡಸಲಕ್ಕ ನಾ ಕೊಟ್ಟಿಗಿ ಹಿಂದೇ ಇದ್ದೆ. ಪೋರ ಬ್ಯಾಡಂದದ್ದು ನಾ ಕೇಳೀನಿ. ಇವ್ನೇ ಹೇಳ್ತಾನಂತ ಇಷ್ಟು ದಿನ ಸುಮ್ನಿದ್ದೆ" ಅಂದ.

"ಬಿಡ್ರಿ ಚಾಚಾ, ದೋಸ್ತಿಗಿ ಸಾಕ್ಷಿ ಹೇಳ್ಲತ್ತೀರಿ" ಎಂದು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಕಾಲು ಮುಟ್ಟಿದರು. ಇಂಥ ದೊಡ್ಡ ಮನಸ್ಸು ಯಾರಿಗಿದೆ, ತಂಗಿಯ ಮಗನಿಗಾಗಿ ತನ್ನ ಹೆಸರನ್ನೇ ಕೊಡಲು ನಿಂತಿದ್ದಾನೆ ಅಂದರು. ಮುಂದಿನ ಮಿರಗಕ್ಕೂ ನನ್ನದೇ ಕೈ ಬೇಕಂತೆ.

ನಿಜ ಹೇಳಿ ಇನ್ನೂ ದೊಡ್ಡವನಾಗಿ ಮನೆಗೆ ಬಂದೆ ಸುಜಾತಾ. ನಿನ್ನ ಅತ್ತೆ ಅಂದು ರಾತ್ರಿ ನನಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ.

ಊರನ್ನು ನಾನಿನ್ನು ನಂಬಿಸಲಾರೆ. ಅಂಜನಾಳಿಗೆ ಹೇಳು, ಅವಳ ಮಗ ನನ್ನನ್ನು ಅವಸರಿಸಲಿಲ್ಲ, ತಡೆದ. ಸೆರಗೊಡ್ಡಬೇಕಾದವಳು ಅವಳಲ್ಲ. ನಾನೇ ಬೀದರಕ್ಕೆ ಬರುತ್ತೇನೆ, ವಾಚಮನ್ ಗೇಟಿನಲ್ಲಿ ನಿಲ್ಲಿಸಿದರೆ ಅಲ್ಲಿಯೇ ನಿಲ್ಲುತ್ತೇನೆ. ಅಮೋಲನಿಗೆ ವಾಪಸ್ಸು ಬಾ ಎಂದು ಬರೆಯುವ ಬಾಯಿ ನನಗಿಲ್ಲ. ಬಂದರೂ ಈ ಊರು ಅವನ ಕೈಯಿಂದ ಬೀಜ ಇಸಿದುಕೊಳ್ಳುವುದಿಲ್ಲ, ಅದೂ ನನಗೆ ಗೊತ್ತು.

ಒಂದೇ ಕೆಲಸ ಕೇಳುತ್ತೇನೆ. ನೀನು ಕಳಿಸಿದ ವಹಿ ನನ್ನ ಹತ್ತಿರ ಇದೆ. ಅವನ ಸಲಾಕೆಯೂ ಇಲ್ಲಿಯೇ ಇದೆ. ಜೋಳದ ಹೊಲದಲ್ಲಿ ದಿನಾ ಇಳಿಸಿ, ಅಗೆದು, ಬೆರಳಿಟ್ಟು ಅಳೆದು ಅವನು ಬಿಟ್ಟ ಪುಟದ ಕೆಳಗೆ ಬರೆಯುತ್ತಿದ್ದೇನೆ. ಆದರೆ ಲೆಕ್ಕ ಹೊಂದುತ್ತಿಲ್ಲ. ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ನನ್ನ ಬೆರಳು ದಪ್ಪಗಾಗಿ ಸೊಟ್ಟಗಾಗಿವೆ. ನನ್ನ ನಾಲ್ಕು ಬೆರಳು ಅವನ ಆರಕ್ಕೆ ಸಮ ಇರಬೇಕು. ಎಂಟು ಬೆರಳು ಎಂದರೆ ಅವನ ಎಂಟು.

ಒಂದು ಹಾಳೆಯ ಮೇಲೆ ಅವನ ಬಲಗೈ ಇಡಿಸು. ಸುತ್ತ ಪೆನ್ನಿನಿಂದ ಗೆರೆ ಎಳೆ, ಸಿದ್ದೇಶ್ವರಿ ಎಳೆದರೂ ನಡೆಯುತ್ತದೆ. ಆ ಹಾಳೆ ನನಗೆ ಕಳಿಸು. ಮುಂದಿನ ಮಿರಗದ ದಿನ ಜನ ಅಂಗಳಕ್ಕೆ ಬಂದಾಗ ಅದನ್ನು ಮಣ್ಣಿನ ಪಕ್ಕದಲ್ಲಿಟ್ಟು ಎಲ್ಲರ ಮುಂದೆ ಅಳೆಯುತ್ತೇನೆ. ಎಂಟು ಇಲ್ಲದಿದ್ದರೆ ಬುಟ್ಟಿ ಮುಟ್ಟುವುದಿಲ್ಲ, ಯಾರು ಏನೇ ಅನ್ನಲಿ.

ಅವನು ಕೈ ಇಡುವುದಿಲ್ಲ ಅಂದರೆ ಅದನ್ನಾದರೂ ಬರೆ. ಆದರೆ ಬೇಗ ಬರೆ ಮಗಳೇ, ದಿನಾ ಟಪಾಲಿನವನ ದಾರಿ ನೋಡುತ್ತಿರುತ್ತೇನೆ.

ನಿನ್ನ ಮಾಮಾ,
ಹಣಮಂತಪ್ಪ